ಪಾಪಕ್ಕನ ಬಲಗೈ

“ಕೇಳಿರಿ, ಕೇಳಿರಿ! ಅರಮನೆಯ ಹೆರಿಗೆಮನೆಯ ಅಜಾಗರೂಕತೆಯಿಂದ ಯಾರ ಕೂಸಿಗೆ ಊನವಾಗಿದೆಯೋ ಅವರಿಗೆ ದೊರೆ ಪರಿಹಾರ ಕೊಡುತ್ತಾರೆ. ಆದರೆ ಹಿರಿಯ ಸೂಲಗಿತ್ತಿ ಚನ್ನಾಜಮ್ಮನವರ ಮೇಲೆ ದೂರುವವರು ಮೊದಲು ಅವರ ಮೂರು ಒಗಟು ಬಿಡಿಸಬೇಕು. ತಪ್ಪಿದರೆ ತಲೆದಂಡ!”

ಕಂಚಿಕೋಟೆಯ ಬೀದಿಯಲ್ಲಿ ಹೀಗೆ ಡಂಗುರ ಹೊಡೆಯುವಾಗ ಕುರಿ ಕಾಯುವ ಜುಂಜ ತನ್ನ ಅಣ್ಣನ ಮನೆಯ ಜಗಲಿಯಲ್ಲಿ ಕೂತಿದ್ದ. ಅಣ್ಣ ಕ್ಯಾತಣ್ಣ ಅರಮನೆಯ ಕುದುರೆಲಾಯದ ಯಜಮಾನ. ಅವನ ಮೂರು ವರ್ಷದ ಮಗ ಎರಡೂ ಕೈಯಲ್ಲಿ ರೊಟ್ಟಿ ಹರಿದು ತಿನ್ನುತ್ತಿದ್ದ. ಜುಂಜನ ಮಗಳು ಪಾಪಕ್ಕ ಹುಟ್ಟಿದ್ದೂ ಅದೇ ದಿನ, ಅದೇ ಹೆರಿಗೆಮನೆಯಲ್ಲಿ. ಅವಳ ಬಲಗೈ ಅಂದಿನಿಂದಲೂ ಜೋತುಬಿದ್ದಿದೆ. ರೊಟ್ಟಿಯನ್ನು ಮೊಣಕಾಲಿನಡಿ ಒತ್ತಿಕೊಂಡು ಎಡಗೈಯಲ್ಲಿ ಹರಿಯುತ್ತಾಳೆ.

“ನಿನ್ನ ಮಗ ಗಟ್ಟಿಗ ಬಿಡಣ್ಣ” ಎಂದ ಜುಂಜ. ಬಾಯಿ ಹಾಗೆಂದಿತು, ಒಳಗೆ ಬೇರೆಯೇ ಕುದಿಯುತ್ತಿತ್ತು. ಆ ಹುಡುಗ ಚಪ್ಪಾಳೆ ತಟ್ಟಿದಾಗೆಲ್ಲ ಇವನಿಗೆ ಮೈ ಉರಿಯುತ್ತಿತ್ತು. ಒಮ್ಮೆ ಅವನು ಬಿದ್ದು ಕೈ ಹಿಡಿದುಕೊಂಡು ಅತ್ತಾಗ ಒಳಗೊಳಗೇ ಹಿಗ್ಗಿದ್ದ. ಅಂಥ ಹಿಗ್ಗು ಯಾರಿಗೂ ಬೇಡ. ಆಮೇಲೆ ನಾಚಿಕೆಯಿಂದ ಮೂರು ದಿನ ಜುಂಜನಿಗೆ ಅನ್ನ ಸೇರಲಿಲ್ಲ.

ಅವನು ಮನೆಗೆ ಬಂದು ದೂರು ಕೊಡುತ್ತೇನೆ ಎಂದಾಗ, “ತಲೆ ಹೋದ್ರೆ ನಮಗ್ಯಾರು ಗತಿ?” ಎಂದಳು ಹೆಂಡತಿ ಬೋರಕ್ಕ.

“ನಾವಿಬ್ರೂ ಹೋದ್ಮೇಲೆ ಒಂದೇ ಕೈಲಿ ಅವಳು ಬದುಕೋದು ಹೆಂಗೆ, ಅದನ್ನ ಹೇಳು” ಎಂದು ಜುಂಜ ಮಗಳನ್ನು ಹೆಗಲಿಗೇರಿಸಿಕೊಂಡು ಹೊರಟ.

ದೊರೆಯ ಸಭೆಯಲ್ಲಿ ಅಂಥವೇ ದೂರು ಹೊತ್ತ ಇಬ್ಬರು ಮುಂದಿದ್ದರು. ಚನ್ನಾಜಮ್ಮ ನಗುತ್ತಾ ಕೇಳಿದಳು: “ಬಂದವನು ಅತ್ತರೆ ಸುತ್ತಲಿನವರು ನಗುತ್ತಾರೆ. ಅವನು ಅಳದಿದ್ದರೆ ಅವರೆಲ್ಲ ಅಳುತ್ತಾರೆ. ಯಾರವನು?”

“ಮನೆಯಳಿಯ” ಎಂದ ಎಣ್ಣೆ ಗಾಣದವನು. ಭಟರು ಅವನನ್ನು ಸೆರೆಗೆ ಎಳೆದೊಯ್ದರು. ಎರಡನೆಯವನು ನೇಕಾರ. “ಆಗತಾನೆ ಹುಟ್ಟಿದ ಕೂಸು” ಎಂದು ಮೊದಲನೆಯದನ್ನು ಗೆದ್ದ.

“ಪಕ್ಕದ ಮನೆಯಲ್ಲಿ ದೀಪ ಹಚ್ಚಿದರೆ ನನ್ನೊಳಗೆ ಬೆಂಕಿ ಹತ್ತುತ್ತದೆ. ನೀರಿಗೆ ಆರದು, ಇಟ್ಟುಕೊಂಡವನನ್ನೇ ಸುಡುತ್ತದೆ. ಏನದು?”

“ಹಸಿವು” ಎಂದ ನೇಕಾರ. ಅವನೂ ಸೆರೆಮನೆಗೆ ಹೋದ. ಸಂಜೆಗೆ ಇಬ್ಬರ ತಲೆಯೂ ಉರುಳಬೇಕು.

ಈಗ ಜುಂಜನ ಸರದಿ. ಮೊದಲನೆಯದಕ್ಕೆ ಉತ್ತರ ಹೇಳಿ, “ನನ್ನ ಮಗಳು ಅಳಲಿಲ್ಲ ಬುದ್ಧಿ. ನಾವೆಲ್ಲ ಅತ್ತಿದ್ವಿ” ಎಂದ. ಎರಡನೆಯದರ ಉತ್ತರವೂ ಅವನಿಗೆ ಗೊತ್ತಿತ್ತು, ಆದರೆ ಸಭೆಯಲ್ಲಿ ಅಣ್ಣನೂ ನಿಂತಿದ್ದ. ಜುಂಜ ತಲೆ ತಗ್ಗಿಸಿದ.

“ಹೊಟ್ಟೆಕಿಚ್ಚು. ನಮ್ಮಣ್ಣನ ಮಗನ ಎರಡು ಕೈ ಕಂಡ್ರೆ ಮೂರು ವರ್ಷದಿಂದ ನಾನು ಅದ್ರಲ್ಲೇ ಬೇಯ್ತಿದ್ದೀನಿ.”

ಕ್ಯಾತಣ್ಣನ ಮುಖ ಬಿಳಿಚಿಕೊಂಡಿತು.

ಚನ್ನಾಜಮ್ಮ ಮೂರನೆಯದನ್ನು ಕೇಳಿದಳು. “ತಲೆ ಹೊರಗೆ ಬಂದರೂ ತಾನು ಒಳಗೇ ನಿಲ್ಲುತ್ತದೆ. ಎಳೆದವರಿಗೆ ಕೆಡುತ್ತದೆ, ಬಲ್ಲವರಿಗೆ ಒಲಿಯುತ್ತದೆ. ಏನದು?”

“ಹೆಗಲು!” ಎಂದ ಜುಂಜ. “ಸಾವಿರ ಕುರಿಗೆ ಹೆರಿಗೆ ಮಾಡಿಸಿದ ಕೈ ಇದು. ಹೆಗಲು ಸಿಕ್ಕಿಕೊಂಡ್ರೆ ಕತ್ತು ಹಿಡಿದು ಎಳೀಬಾರದು. ತಾಯಿಯ ಮಗ್ಗುಲು ಬದಲಿಸಿ ಮೆಲ್ಲಗೆ ಜರುಗಿಸ್ಬೇಕು. ಎಳೆದ್ರೆ ಮುಂಗಾಲಿನ ಶಕ್ತಿಯೇ ಹೋಗುತ್ತೆ.”

“ಸರಿ” ಎಂದಳು ಚನ್ನಾಜಮ್ಮ ಬಿಗುಮಾನದಿಂದ. “ಸೂಲಗಿತ್ತಿಯರು ಮೊದಲ ದಿನವೇ ಕಲಿಯುವ ಪಾಠ ಅದು.”

ದೊರೆ ಸಿಂಹಾಸನದಿಂದ ಮುಂದಕ್ಕೆ ಬಾಗಿದ. “ಹಾಗಾದರೆ ನಿಮಗೆ ಗೊತ್ತಿತ್ತು. ಗೊತ್ತಿದ್ದೂ ಈ ಕೂಸನ್ನೇಕೆ ಎಳೆದಿರಿ?”

“ಎಳೆದದ್ದನ್ನು ಕಂಡವರು ಯಾರು?”

“ನಾನು” ಎಂದು ಕ್ಯಾತಣ್ಣ ಮುಂದೆ ಬಂದ. “ನನ್ನ ಹೆಂಡ್ತಿಗೂ ಆಗಲೇ ನೋವು ಎದ್ದಿತ್ತು. ಬೇಗ ಬನ್ನಿ ಅಂತ ಪರದೆ ಸರಿಸಿ ಅವಸರ ಮಾಡಿದೋನು ನಾನೇ. ಇವರು ಕೂಸಿನ ಕತ್ತು ಹಿಡಿದು ಎಳೆದು, ದಾದಿ ಕೈಗೆ ಕೊಟ್ಟು ನಮ್ಮ ಕಡೆ ಓಡಿಬಂದ್ರು. ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೆ. ತಮ್ಮ ತನ್ನ ಕಿಚ್ಚನ್ನ ಒಪ್ಪಿಕೊಂಡ್ಮೇಲೆ ನಾನು ಸುಮ್ಮನಿದ್ರೆ ಮನುಷ್ಯನಾ?”

ದೊರೆ ಚನ್ನಾಜಮ್ಮನ ಅಧಿಕಾರ ಕಿತ್ತುಕೊಂಡ. ಪಾಪಕ್ಕನಿಗೆ ಜೀವಮಾನವಿಡೀ ಜೀವನಾಂಶ, ಅರಮನೆಯ ಖರ್ಚಿನಲ್ಲಿ ಕೈಗೆ ಮದ್ದು. ಜುಂಜನಿಗೆ ಕುರಿ ಮೇಯಿಸಲು ಹುಲ್ಲುಗಾವಲು. ಸೆರೆಯಲ್ಲಿದ್ದ ಇಬ್ಬರನ್ನೂ ಬಿಡಿಸಿ, “ಇನ್ನು ನೊಂದವರಿಗೆ ಒಗಟಿಲ್ಲ, ವಿಚಾರಣೆ ಮಾತ್ರ” ಎಂದು ಆಜ್ಞೆ ಮಾಡಿದ.

ಜುಂಜನ ಹೊಟ್ಟೆಕಿಚ್ಚು ಆರಿತೇ ಎನ್ನುತ್ತೀರಾ? ಎಲ್ಲಿಯ ಮಾತು! ಆ ಹುಡುಗ ಚಪ್ಪಾಳೆ ತಟ್ಟಿದರೆ ಈಗಲೂ ಅವನಿಗೆ ಚುರ್ ಎನ್ನುತ್ತದೆ. ಆದರೆ ಮುಖ ತಿರುಗಿಸಿಕೊಳ್ಳುವುದಿಲ್ಲ. “ಉರೀತಿದೆ ಕಣಣ್ಣ” ಎನ್ನುತ್ತಾನೆ. ಆಗ ಕ್ಯಾತಣ್ಣ ಪಾಪಕ್ಕನ ಎದುರು ಕೂತು ರೊಟ್ಟಿಯ ಒಂದು ಅಂಚು ಹಿಡಿದುಕೊಳ್ಳುತ್ತಾನೆ. ಇನ್ನೊಂದು ಅಂಚನ್ನು ಅವಳು ಎಡಗೈಯಲ್ಲಿ ಹರಿದುಕೊಳ್ಳುತ್ತಾಳೆ.