ತಂಬಾಕಿನವನ ಅಕ್ಕಿ ಮೂಟೆ

"ಅವ್ವಾ, ತಂಬಾಕು ಕಂಪನಿಯವರ ದುಡ್ಡು ತಗೊಂಡ್ರ ತಪ್ಪೇನು?" ಎಂದು ಪರಿಮಳಾ ಕೇಳಿದಳು.

ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುವ ಜೋಗತಿಯರಲ್ಲಿ, ಆ ಊರಿನ ಪುರಸಭೆಗೆ ಗೆದ್ದವಳು ಅವಳೇ ಮೊದಲು. ಶಾಲೆಗಳ ಪಕ್ಕದ ಗುಟ್ಕಾ ಅಂಗಡಿಗಳನ್ನು ತೆಗೆಸುವ ಠರಾವು ಮುಂದಿನ ಸಭೆಗೆ ಬರುವುದಿತ್ತು.

"ನಮ್ಮ ಮುದುಕಿಯರಿಗೆ ಮನಿ ಕಟ್ಟಿಸಿ ಕೊಡ್ತಾರಂತ. ಬದಲಿಗೆ ಏನೂ ಕೇಳಿಲ್ಲವ್ವಾ. ಬ್ಯಾರೆ ಯಾರು ನಮ್ಮನ್ನ ಮನುಷ್ಯಾರು ಅಂತ ಮಾತಾಡ್ಸ್ಯಾರ?"

ಅವಳು ಅವ್ವಾ ಎಂದು ಕರೆಯುವ ಗುರು ಹುಲಿಗೆವ್ವ ಒಂದು ಕತೆ ಹೇಳಿದಳು.

ಒಬ್ಬ ಜೋಗತಿ ಇದ್ದಳು. ಮಂಗಳವಾರ, ಶುಕ್ರವಾರ ಮನೆ ಮನೆಗೆ ಹೋಗಿ ದೇವಿಯ ಹೆಸರಲ್ಲಿ ಜೋಗ ಬೇಡುತ್ತಿದ್ದಳು. ಜೋಗವಾಗಿ ಬುಟ್ಟಿಗೆ ಬಿದ್ದದ್ದನ್ನು ಒಲ್ಲೆ ಎನ್ನಬಾರದು, ಅದು ಅವಳ ನೇಮ. ಆ ಊರಲ್ಲಿ ಒಬ್ಬ ತಂಬಾಕು ವ್ಯಾಪಾರಿ. ಅವಳು ಮೀಟುವ ಚೌಡಿಕೆಯ ಸದ್ದು ಕೇಳಿದರೆ ಬಾಗಿಲು ಹಾಕಿಕೊಳ್ಳುತ್ತಿದ್ದ. ಕಿಟಕಿಯಿಂದ ಕೆಟ್ಟ ಹೆಸರು ಹಿಡಿದು ಕೂಗುತ್ತಿದ್ದ.

ಅವನ ತಂಬಾಕು ತಿಂದು ಜನರ ಬಾಯಿ ಕೊಳೆಯಿತು. ಕೆಲವರು ಸತ್ತರು. ಜೋಗತಿಯ ಶಿಷ್ಯೆಯೂ ಸತ್ತಳು. ಅಂಗಡಿ ಮುಚ್ಚಿಸಿ ಎಂದು ಹೆಂಗಸರು ಚಾವಡಿಗೆ ಹೋದರು. "ಜೋಗತಿ ಸುಳ್ಳು ಹೇಳುವವಳಲ್ಲ. ಶುಕ್ರವಾರ ಅವಳು ಹೇಳಿದಂತೆ ಆಗಲಿ" ಎಂದರು ಹಿರಿಯರು.

ಆ ಸಂಜೆ ವ್ಯಾಪಾರಿ ಅವಳ ಹಿತ್ತಲ ಬಾಗಿಲಿಗೆ ಅಕ್ಕಿ ಮೂಟೆ ತಂದ.

"ತಾಯೀ, ಬುಟ್ಟಿ ಹಿಡಿ. ನೀನು ಒಲ್ಲೆ ಅನ್ನೂ ಹಂಗಿಲ್ಲಲ್ಲ."

ಜೋಗತಿ ನಕ್ಕಳು. "ಓಹೋ, ಇವತ್ತು ತಾಯಿ ಆದೆನೇನಪಾ? ನಿನ್ನೆ ತನಕ ಏನೋ ಅಂತಿದ್ದಿ! ಜೋಗ ಅಂದ್ರ ಹಾಕುವವರ ಹೊಸ್ತಿಲದಾಗ ಹಾಕೂದು. ಶುಕ್ರವಾರ ನಿನ್ನ ಮನಿ ಮುಂದ ನಿಲ್ತೀನಿ. ಓಣಿ ಮಂದಿ ನೋಡಲಿ. ನಿನ್ನ ಹೇಣ್ತಿ ಹೊರಗ ಬಂದು ನನ್ನ ಕೈಲೆ ಹಣಿಗೆ ಭಂಡಾರದ ಅರಿಷಿಣ ಹಚ್ಚಿಸ್ಕೊಳ್ಳಲಿ. ಆಮ್ಯಾಲೆ ಒಂದು ಹಿಡಿ ಹಾಕು, ಸಾಕು. ಈಗ ಮೂಟಿ ಹೊತ್ಕೊಂಡು ನಡಿ."

ಶುಕ್ರವಾರ ಜೋಗತಿ ಹೋಗಿ ನಿಂತಳು. ಬಾಗಿಲು ತೆರೆಯಲಿಲ್ಲ. ಅವಳು ತಲೆ ಎತ್ತಿಕೊಂಡು ನಡುಬೀದಿಯಲ್ಲಿ ಚಾವಡಿಗೆ ನಡೆದಳು. ಅವಳ ನಾಲಿಗೆಯ ಮೇಲೆ ಯಾರ ಅಕ್ಕಿಯ ಋಣವೂ ಇರಲಿಲ್ಲ. ಸತ್ತ ಶಿಷ್ಯೆಯ ಹೆಸರು ಹೇಳಿದಳು, ಕೊಂದವನ ಹೆಸರು ಹೇಳಿದಳು. ಅಂದೇ ಅಂಗಡಿಗೆ ಬೀಗ ಬಿತ್ತು.

ಪರಿಮಳಾ ಬಿಡಲಿಲ್ಲ. "ಆ ವ್ಯಾಪಾರಿ ಕೆಲಸ ಆಗಬೇಕಂತ ಬಂದಿದ್ದ. ಇವರು ನನ್ನ ಹತ್ರ ಏನೂ ಕೇಳೇ ಇಲ್ಲಲ್ಲವ್ವಾ."

ಹುಲಿಗೆವ್ವ ಹೇಳಿದಳು: "ಹಂಗಾದ್ರ ಮೊದಲು ಠರಾವಿಗೆ ಕೈ ಎತ್ತಿ ಬಾ, ಆಮ್ಯಾಲೂ ಮನಿ ಕಟ್ಟಿಸ್ತಾರೇನು ಕೇಳು."