ಗದ್ದಲವಿಲ್ಲದ ಮಗ್ಗದ ಶೆಡ್ಡು

ಬನಹಟ್ಟಿ ಕಡೆ ಒಂದು ಪವರ್‌ಲೂಮ್ ಶೆಡ್ಡು. ನಲವತ್ತು ಮಗ್ಗ ಒಟ್ಟಿಗೆ ಬಡಿದರೆ ಪಕ್ಕದವರು ಕಿವಿಯಲ್ಲೇ ಕೂಗಿದರೂ ಕೇಳದು. ಇಪ್ಪತ್ತು ವರ್ಷ ಅಲ್ಲಿ ನೇಯ್ದ ತುಳಜವ್ವನ ಬಲಗಿವಿ ಆಗಲೇ ಮಂದವಾಗಿತ್ತು. ಕಿವಿಗೆ ಹಾಕಲು ಏನಾದರೂ ಕೊಡಿಸಿ ಎಂದು ಮಾಲೀಕನನ್ನು ಕೇಳಿ ಕೇಳಿ ಸಾಕಾದ ನೇಕಾರರು ಸರ್ಕಾರಕ್ಕೇ ಅರ್ಜಿ ಬರೆದರು.

ತನಿಖೆಯ ಸಾಹೇಬರು ಬಂದರು. ಮಾಲೀಕ ಮುರಿಗೆಪ್ಪ ಸಾವ್ಕಾರ ಅವರನ್ನು ಆಫೀಸಿನಲ್ಲಿ ಚಹಾಕ್ಕೆ ಕೂರಿಸಿ, ತುಳಜವ್ವನನ್ನು ಹೊರಗೆ ಕರೆಸಿದ.

"ಈ ಶೆಡ್ಡಿನಾಗ ಗದ್ದಲ ಇಲ್ಲ ಅಂತ ಈ ಕಾಗದದಾಗ ಬರದೈತಿ. ಎಲ್ಲಾರೂ ಸಹಿ ಹಾಕ್ರಿ. ಹಾಕದವರು ನಾಳಿಂದ ಬರಬ್ಯಾಡ್ರಿ."

"ಹಾಕ್ತೀವ್ರಿ ಸಾವ್ಕಾರ್ರ. ಆದ್ರ ಓದಾಕ ಬರದವರು ಭಾಳ ಮಂದಿ ಅದಾರ. ಸಾಹೇಬ್ರ ಮುಂದ, ಒಳಗ ನಿಂತು ನೀವ ಒಮ್ಮೆ ಓದಿ ಹೇಳ್ರಿ."

ಇಷ್ಟೇ ತಾನೇ ಎಂದುಕೊಂಡ ಸಾವ್ಕಾರ ಸಾಹೇಬರನ್ನೂ ಕರೆದುಕೊಂಡು ಒಳಗೆ ಬಂದ. ಗಂಟಲು ಸರಿಮಾಡಿಕೊಂಡು ಓದಿದ. ತುಟಿ ಆಡಿದ್ದಷ್ಟೇ ಕಂಡಿತು. ತುಳಜವ್ವ ಕಿವಿಗೆ ಅಂಗೈ ಹಚ್ಚಿದಳು. ನೇಕಾರರೆಲ್ಲ ಹಚ್ಚಿದರು. ಸಾವ್ಕಾರ ಕೂಗಿದ. ಕುತ್ತಿಗೆಯ ನರ ಉಬ್ಬುವಂತೆ ಅರಚಿದ. ತಲೆಯ ಮೇಲಿನ ಟೋಪಿ ಓರೆಯಾಯಿತು. ಸಾಹೇಬರೂ ಕಿವಿಗೆ ಕೈ ಹಚ್ಚಿದರು. ಸಿಟ್ಟು ನೆತ್ತಿಗೇರಿದ ಸಾವ್ಕಾರ ಓಡಿಹೋಗಿ ಮೇನ್ ಸ್ವಿಚ್ ಎಳೆದುಬಿಟ್ಟ.

ಮಗ್ಗಗಳು ನಿಂತವು. ಅವನ ಒಡಕು ದನಿ ಶೆಡ್ಡಿನ ತುಂಬ ಮೊಳಗಿತು: "ಈ ಶೆಡ್ಡಿನಾಗ ಗದ್ದಲ ಇಲ್ಲ!"

"ಈಗ ಇಲ್ಲ ಬಿಡ್ರಿ," ಎಂದಳು ತುಳಜವ್ವ.

ಸಾಹೇಬರು ನಗು ತಡೆದುಕೊಳ್ಳುತ್ತ ಆ ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡರು. ವಾರದೊಳಗೆ ಪ್ರತಿಯೊಬ್ಬರಿಗೂ ಕಿವಿಗವಚಗಳು ಬಂದವು. ಅರಚಿ ಅರಚಿ ಗಂಟಲು ಕಟ್ಟಿದ್ದ ಸಾವ್ಕಾರ ಕೈಸನ್ನೆಯಲ್ಲೇ ಒಬ್ಬೊಬ್ಬರನ್ನು ಕರೆದು ಅವನ್ನು ಹಂಚಿದ.