ಕಮ್ಮಾರ ಕೇಳಿದ ಅಳತೆ

"ಗುರುಗಳೇ, ತಪ್ಪಿಗೂ ವಯಸ್ಸಿಗೂ ಏನು ಸಂಬಂಧ? ಕಿಡಿ ಹಚ್ಚಿದ ಕೈ ಚಿಕ್ಕದೆಂದು ಉರಿದುಹೋದದ್ದು ಚಿಕ್ಕದಾಗುತ್ತದೆಯೇ?"

ಕೇಳಿದ ಶಿಷ್ಯ ತರುಣ. ಕೆಲವೇ ದಿನಗಳಲ್ಲಿ ಪಟ್ಟಣದ ನ್ಯಾಯಪೀಠದಲ್ಲಿ ಕೂರಬೇಕಾದವನು. ಗುರುಗಳು ಒಂದು ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಸೆರೆಮನೆಯ ಕಾವಲುಗಾರನೊಬ್ಬನಿದ್ದ. ಕೆಟ್ಟವನಲ್ಲ. ಹೇಳಿದ ಕೆಲಸವನ್ನು ಹೇಳಿದಂತೆ ಮಾಡುವವನು. ಒಂದು ದಿನ ಭಟರು ಒಬ್ಬ ಹುಡುಗನನ್ನು ತಂದು ಅವನಿಗೆ ಒಪ್ಪಿಸಿದರು. ವರ್ತಕನೊಬ್ಬ ತನ್ನನ್ನು ಹೊಡೆದನೆಂಬ ಸಿಟ್ಟಿಗೆ ಅವನ ಉಗ್ರಾಣದಲ್ಲಿದ್ದ ಹತ್ತಿಯ ರಾಶಿಗೆ ಬೆಂಕಿಯಿಟ್ಟ ಹುಡುಗ ಅವನು. ದೊಡ್ಡವರಿಗೆ ಕೊಡುವ ಶಿಕ್ಷೆಯನ್ನೇ ನ್ಯಾಯಾಧಿಕಾರಿ ಅವನಿಗೂ ಕೊಟ್ಟಿದ್ದ. ಕಾವಲುಗಾರ ಎಲ್ಲರಿಗೂ ತೊಡಿಸುವ ಬೇಡಿಯನ್ನು ಅವನ ಕಾಲಿಗೂ ತೊಡಿಸಿ, ಕಳ್ಳರೂ ಕೊಲೆಗಡುಕರೂ ಇದ್ದ ಕೋಣೆಗೆ ದೂಡಿ ಬಾಗಿಲು ಹಾಕಿದ.

ಬೆಳಿಗ್ಗೆ ಹುಡುಗ ಸರಳುಗಳ ಹಿಂದೆ ನಿಂತಿದ್ದ. ಬೇಡಿ ಅವನ ಕೈಯಲ್ಲಿತ್ತು.

"ಅಯ್ಯಾ, ಇದು ತಾನಾಗಿಯೇ ಜಾರಿ ಬಿತ್ತು. ನಾನು ಬಿಚ್ಚಲಿಲ್ಲ. ನನ್ನನ್ನು ಹೊಡೆಯಬೇಡಿ" ಎಂದ.

ಕಾವಲುಗಾರ ಬೇಡಿ ತೆಗೆದುಕೊಂಡು ಕಮ್ಮಾರನಲ್ಲಿಗೆ ಹೋದ. ಇದಕ್ಕಿಂತ ಚಿಕ್ಕದು ಬೇಕೆಂದ. ಕಮ್ಮಾರ ಅಳತೆ ಕೇಳಿದ. ಕಾವಲುಗಾರ ಅಳತೆ ತಂದಿರಲಿಲ್ಲ. ಅಷ್ಟರಲ್ಲಿ ಕಾವಲುಗಾರನ ಮಗ ತಂದೆಗೆ ಬುತ್ತಿ ಹಿಡಿದುಕೊಂಡು ಅಲ್ಲಿಗೇ ಬಂದ. ಸೆರೆಯಲ್ಲಿದ್ದವನದೇ ಎತ್ತರ, ಅವನದೇ ಮೈಕಟ್ಟು. "ಇವನಷ್ಟೇ ಇದ್ದಾನೆ" ಎಂದ ಕಾವಲುಗಾರ. ಕಮ್ಮಾರ ದಾರದಿಂದ ಮಗನ ಕಣಕಾಲನ್ನು ಅಳೆದ. ಕಬ್ಬಿಣ ಕಾಯಿಸಿ, ಬಡಿದು, ಬಗ್ಗಿಸಿ, ನೀರಿಗದ್ದಿದ. ಸರಿಹೊಂದುತ್ತದೋ ಇಲ್ಲವೋ ನೋಡಲು ಬೇಡಿಯನ್ನು ಆ ಕಾಲಿನ ಬಳಿಗೆ ತಂದ.

ಕಾವಲುಗಾರ ಅವನ ಕೈ ಹಿಡಿದುಕೊಂಡ.

"ನೋಡುವುದಕ್ಕಷ್ಟೇ" ಎಂದ ಕಮ್ಮಾರ. "ಈಗಲೇ ತೆಗೆದುಬಿಡುತ್ತೇನೆ."

ಕಾವಲುಗಾರ ಹಿಡಿದ ಕೈ ಬಿಡಲಿಲ್ಲ. ಎಷ್ಟೋ ಜನರಿಗೆ ಬೇಡಿ ತೊಡಿಸಿದ್ದವನು ಅದನ್ನು ಮಗನ ಕಾಲಿಗೆ ತಾಗಗೊಡದೆ ಕಿತ್ತುಕೊಂಡ.

ಅಲ್ಲಿಂದ ನೇರವಾಗಿ ನ್ಯಾಯಾಧಿಕಾರಿಯ ಬಳಿಗೆ ಹೋಗಿ ಆ ಬೇಡಿಯನ್ನು ಮುಂದಿಟ್ಟ. ಇದನ್ನು ತೊಡಿಸಲು ತನ್ನಿಂದಾಗದು, ಬೇಕಾದರೆ ತನ್ನನ್ನು ಕೆಲಸದಿಂದ ತೆಗೆಯಲಿ, ಹುಡುಗನನ್ನು ಮಾತ್ರ ಆ ಕೋಣೆಯಿಂದ ಹೊರಗೆ ತರಬೇಕು ಎಂದ.

"ಬೇಡಿಯಿಲ್ಲದಿದ್ದರೆ ಓಡಿಹೋಗುತ್ತಾನೆ" ಎಂದ ನ್ಯಾಯಾಧಿಕಾರಿ.

"ಜಾರಿಬಿದ್ದ ಬೇಡಿಯನ್ನು ತಾನೇ ತಂದು ಕೊಟ್ಟಿದ್ದಾನೆ, ಸ್ವಾಮಿ. ಅವನು ಹೆದರಿದ್ದಾನೆ. ಆ ಕೋಣೆಯಲ್ಲಿ ಒಂದು ವರ್ಷ ಇದ್ದರೆ ಹೆದರುವುದನ್ನು ಬಿಡುತ್ತಾನೆ. ಆಮೇಲೆ ನಾವು ಅವನಿಗೆ ಹೆದರಬೇಕಾಗುತ್ತದೆ."

ನ್ಯಾಯಾಧಿಕಾರಿ ಬೇಡಿಯನ್ನು ಎತ್ತಿ ನೋಡಿದ. ಅದು ಬಳೆಗಿಂತ ದೊಡ್ಡದೇನೂ ಇರಲಿಲ್ಲ. ಅಂದೇ ಆ ಹುಡುಗನನ್ನೂ, ಸೆರೆಯಲ್ಲಿದ್ದ ಬೇರೆ ಮಕ್ಕಳನ್ನೂ ಬೇರೊಂದು ಮನೆಯಲ್ಲಿಟ್ಟು ಕಾವಲುಗಾರನ ಸುಪರ್ದಿಗೆ ಕೊಟ್ಟ. ಸುಟ್ಟುಹೋದ ಉಗ್ರಾಣವನ್ನು ಮತ್ತೆ ಕಟ್ಟುವವರ ಜೊತೆ ಹುಡುಗ ಗಾರೆ ಕಲಸಬೇಕೆಂದು ಹೇಳಿದ. ವರ್ತಕ ಗೊಣಗಿದ. ಹುಡುಗ ಮೊದಲು ಯಾರೊಡನೆಯೂ ಸೇರಲಿಲ್ಲ, ರೊಟ್ಟಿಯನ್ನು ಬಚ್ಚಿಟ್ಟು ತಿನ್ನುತ್ತಿದ್ದ, ಒಂದೆರಡು ಸಲ ಜಗಳವನ್ನೂ ಆಡಿದ. ಆದರೆ ಓಡಿಹೋಗಲಿಲ್ಲ. ಮುಂದೆ ಅದೇ ಊರಿನಲ್ಲಿ ಮನೆ ಕಟ್ಟುವವನಾಗಿ ಬಾಳಿದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಯೋಚಿಸಿ ಕೇಳಿದ: "ಕಾವಲುಗಾರನಿಗೆ ಮಗನಿದ್ದ, ಹಾಗಾಗಿ ತಿಳಿಯಿತು. ಮಗನೇ ಇಲ್ಲದಿದ್ದರೆ?"

"ನಿನಗೂ ಮಕ್ಕಳಿಲ್ಲವಲ್ಲ, ಅದಕ್ಕೇ ಈ ಕತೆ ಹೇಳಿದೆ" ಎಂದರು ಗುರುಗಳು.